ಭಾನುವಾರದ ಓದುಕೂಟ: ರಿಚರ್ಡ್‌ಸನ್ ಮತ್ತು ಯುದ್ಧದ ಅಳತೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ಕ್ಕೆ ಎಂದಿನ ಜಾಗದಲ್ಲೇ ಸೇರೋಣ. ಈ ಸಲ ಲೂಯಿಸ್ ಫ್ರೈ ರಿಚರ್ಡ್‌ಸನ್ (1881–1953) ಬಗ್ಗೆ ಮಾತು. ಇಂಗ್ಲೆಂಡಿನ ಹವಾಮಾನ ವಿಜ್ಞಾನಿ, ಕ್ವೇಕರ್ (ಯುದ್ಧವನ್ನೇ ಒಪ್ಪದ ಒಂದು ಕ್ರೈಸ್ತ ಪಂಥದವರು). ಮೊದಲ ಮಹಾಯುದ್ಧದಲ್ಲಿ ಬಂದೂಕು ಹಿಡಿಯಲಿಲ್ಲ, ಫ್ರಾನ್ಸಿನಲ್ಲಿ ಆಂಬುಲೆನ್ಸ್ ಓಡಿಸಿದರು. 1920ರಲ್ಲಿ ಹವಾಮಾನ ಕಚೇರಿ ವಾಯುಪಡೆ ಸಚಿವಾಲಯದ ಕೈಗೆ ಹೋದಾಗ ಕೆಲಸವನ್ನೇ ಬಿಟ್ಟರು.

ಯಾವುದನ್ನು ಯುದ್ಧ ಅನ್ನಬೇಕು? ದಂಗೆಯೋ ಬಂಡಾಯವೋ ಎಂಬ ಹೆಸರಿನ ಗೊಡವೆಗೇ ಅವರು ಹೋಗಲಿಲ್ಲ. ‘ಸಾವು ತರುವ ಜಗಳ’ ಅಂದರು, ಸತ್ತವರನ್ನು ಎಣಿಸಿದರು. ಸಾವಿರ ಸಾವಾದರೆ ಪ್ರಮಾಣ 3, ಹತ್ತು ಲಕ್ಷವಾದರೆ 6. ಒಂದೇ ಒಂದು ಕೊಲೆಯಾದರೆ 0! ಭೂಕಂಪದ ಅಳತೆ ಇದ್ದ ಹಾಗೆ, ಅಲ್ವಾ? ನನಗಂತೂ ಆ ಸೊನ್ನೆ ಸ್ವಲ್ಪ ಚುಚ್ಚಿತು. ಚರ್ಚೆ ಅಲ್ಲಿಂದಲೇ ಶುರು ಮಾಡೋಣ.

ಈ ಪ್ರಮಾಣ ಲಾಗರಿದಮ್ ಲೆಕ್ಕ ಅಂತ ಹೊಸಬರು ಹೆದರಬೇಡಿ, ಸೊನ್ನೆ ಎಣಿಸಲು ಬಂದರೆ ಸಾಕು: ಸಾವಿರದಲ್ಲಿ ಮೂರು ಸೊನ್ನೆ, ಅದಕ್ಕೇ 3. ನಿಮಗೆ ಗೊತ್ತಿರುವ ಒಂದು ಯುದ್ಧದ ಸಾವಿನ ಲೆಕ್ಕ ಹುಡುಕಿ ತನ್ನಿ. ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ, ಕುರ್ಚಿ ಹೊಂದಿಸಬೇಕು. ಸುಮ್ನೆ ಹೆಬ್ಬೆರಳು ಒತ್ತಬೇಡಿ, ‘ಬರ್ತೀನಿ’ ಅಂತ ಬರೆಯಿರಿ.