ಸ್ಟೆಲ್ತ್ ಅಂದರೆ ಮಾಯವಾಗೋದಲ್ಲ

ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ಬಂದ ಯುದ್ಧವಿಮಾನಗಳ ಹೋಲಿಕೆ ನೋಡಿ ಬರೆಯುತ್ತಿದ್ದೇನೆ. 2025ರಲ್ಲಿ ಬೆಂಗಳೂರಿನ ಏರೋ ಇಂಡಿಯಾ ವೈಮಾನಿಕ ಪ್ರದರ್ಶನಕ್ಕೆ ಅಮೆರಿಕದ ಎಫ್-35, ರಷ್ಯಾದ ಸುಖೋಯ್-57 ಎರಡೂ ಬಂದು ಹೋದ ಮೇಲೆ ಯಾವುದು ಮೇಲು ಅನ್ನೋ ವಾದ ಮಡಿಕೇರಿಯ ಹೋಟೆಲ್‌ಗಳಲ್ಲೂ ನಿಂತಿಲ್ಲ. ವಾದ ಮಾಡಲಿ, ಬೇಡ ಅನ್ನಲ್ಲ. ಆದರೆ ಇಂಥ ಸ್ಟೆಲ್ತ್ ವಿಮಾನ, ಅಂದರೆ ರೇಡಾರ್ ಕಣ್ಣು ತಪ್ಪಿಸೋ ಹಾಗೆ ಕಟ್ಟಿದ ವಿಮಾನ, ರೇಡಾರ್‌ಗೆ ಕಾಣೋದೇ ಇಲ್ಲ ಅನ್ನೋದು ಸುಳ್ಳು.

ಕಾಣುತ್ತದೆ, ತಡವಾಗಿ ಕಾಣುತ್ತದೆ. ಮೈಯ ಆಕಾರ ಮತ್ತು ಮೇಲೆ ಬಳಿದ ಲೇಪ ಸೇರಿ ರೇಡಾರ್ ಅಲೆ ವಾಪಸ್ ಹೋಗೋದನ್ನು ಕಡಿಮೆ ಮಾಡುತ್ತವೆ, ಅದೂ ಮುಖ್ಯವಾಗಿ ಕ್ಷಿಪಣಿಗೆ ಗುರಿ ತೋರಿಸುವ ಕಿರು ಅಲೆಯ ರೇಡಾರ್‌ಗಳ ಎದುರು. ಉದ್ದ ಅಲೆಯ ಹಳೇ ರೇಡಾರ್‌ಗೆ ಸುಳಿವು ಸಿಗುವುದುಂಟು. 1999ರ ಮಾರ್ಚ್ 27ರಂದು ಸರ್ಬಿಯಾದಲ್ಲಿ ಅಮೆರಿಕದ ಸ್ಟೆಲ್ತ್ ವಿಮಾನ ಎಫ್-117 ಉರುಳಿದ್ದು ಸೋವಿಯತ್ ಕಾಲದ ಎಸ್-125 ಕ್ಷಿಪಣಿಗೆ. ಇನ್ನು ರೆಕ್ಕೆ ಕೆಳಗೆ ಬಾಂಬ್ ತೂಗು ಹಾಕಿದರೆ ಸ್ಟೆಲ್ತ್ ಅರ್ಧ ಹೋದ ಹಾಗೆ. ಕಂಪನಿಯವರು ಹೇಳುವ ವೇಗ, ದೂರ, ಭಾರ ಮೂರೂ ಒಟ್ಟಿಗೆ ಸಿಗಲ್ಲ. ಮದುವೆ ಗಂಡಿನ ಫೋಟೊ ಇದ್ದ ಹಾಗೆ ಅವು.

ವಾಯುಪಡೆಯ ಪೈಲಟ್ ಆಗಿದ್ದ ನಮ್ಮ ಅಜ್ಜಮಾಡ ದೇವಯ್ಯನವರ ಕಥೆ ಕೊಡಗಿನವರಿಗೇ ಗೊತ್ತಿಲ್ವಾ? 1965ರ ಯುದ್ಧದಲ್ಲಿ ಪಾಕಿಸ್ತಾನದ ಸರ್ಗೋಧಾ ಬಳಿ ಹಳೇ ಮಿಸ್ಟೇರ್ ವಿಮಾನ ಹಾರಿಸಿಕೊಂಡು, ಶಬ್ದದ ಎರಡು ಪಟ್ಟು ವೇಗದ ಪಾಕಿಸ್ತಾನಿ ಯುದ್ಧವಿಮಾನ ಸ್ಟಾರ್‌ಫೈಟರ್ ಅನ್ನು ಕೆಡವಿದರು, ತಾವೂ ಉಳಿಯಲಿಲ್ಲ. ಮಹಾವೀರ ಚಕ್ರ ಬಂದಿದ್ದು 1988ರಲ್ಲಿ, ಇರಲಿ. ಕಾಗದದ ಲೆಕ್ಕದಲ್ಲಿ ಆ ಮಿಸ್ಟೇರ್ ಗೆಲ್ಲೋ ವಿಮಾನವೇ ಅಲ್ಲ.

ಮುಂದಿನ ಸಲ ಇಂಥ ಹೋಲಿಕೆ ಹಾಕುವಾಗ, ಎಷ್ಟು ಇಂಧನ, ಎಷ್ಟು ಕ್ಷಿಪಣಿ ಹೊತ್ತಾಗಿನ ಲೆಕ್ಕ ಅಂತ ಪಕ್ಕದಲ್ಲೇ ಹಾಕಿ.

– ಓದುಗ, ಮಡಿಕೇರಿ