ಕುಡಿಯದವನ ಲಿವರ್

ಪ್ರೀತಿಯ ರಘುವಿಗೆ ಮಾವನ ಆಶೀರ್ವಾದಗಳು.

ನೀನು ವಾಟ್ಸಾಪ್‌ನಲ್ಲಿ ಕಳಿಸಿದ ರಿಪೋರ್ಟ್ ನೋಡಿದೆ. ಸ್ಕ್ಯಾನಿಂಗ್‌ನ ಕೊನೇ ಸಾಲಲ್ಲಿ 'ಗ್ರೇಡ್ 1 ಫ್ಯಾಟಿ ಲಿವರ್' ಅಂತಿದೆ. ಜೊತೆಗೆ ನಿನ್ನ ಮೆಸೇಜು: "ಮಾವ, ನಾನು ಒಂದು ತೊಟ್ಟೂ ಮುಟ್ಟಿಲ್ಲ, ಅಮ್ಮನಿಗೆ ಹೇಳಬೇಡಿ." ಮೊದಲು ನಗು ಬಂತು, ಆಮೇಲೆ ಪಾಪ ಅನ್ನಿಸಿತು. 2009ರಲ್ಲಿ ನನಗೂ ಇದೇ ಆಗಿತ್ತು. ಡಾಕ್ಟರು ಸ್ಕ್ಯಾನ್ ನೋಡಿದವರೇ ನಿಮ್ಮತ್ತೆ ಎದುರಿಗೆ "ದಿನಕ್ಕೆ ಎಷ್ಟು ಪೆಗ್?" ಅಂದರು. ಕಾಫಿ, ಮಜ್ಜಿಗೆ ಬಿಟ್ಟು ಬೇರೆ ಕುಡಿದವನಲ್ಲ ನಾನು. ಅತ್ತೆ ಒಂದು ವಾರ ವಾರೆಗಣ್ಣಲ್ಲೇ ಊಟ ಬಡಿಸಿದಳು.

ಆಗಿನ ಹೆಸರೂ ಹಾಗೇ ಇತ್ತು, 'ನಾನ್ ಆಲ್ಕೊಹಾಲಿಕ್ ಫ್ಯಾಟಿ ಲಿವರ್'. ಕುಡಿತದಿಂದ ಬಂದದ್ದಲ್ಲ ಅಂತ ಹೇಳುತ್ತದೆ, ಯಾತರಿಂದ ಬಂತು ಅಂತ ಹೇಳುವುದಿಲ್ಲ. 2023ರಲ್ಲಿ ಲಿವರ್ ತಜ್ಞರ ಸಂಘಗಳು ಸೇರಿ ಅದನ್ನು ಕೈಬಿಟ್ಟವು. ಈಗಿನದು 'ಮೆಟಬಾಲಿಕ್ ಡಿಸ್‌ಫಂಕ್ಷನ್ ಅಸೋಸಿಯೇಟೆಡ್ ಸ್ಟಿಯಟಾಟಿಕ್ ಲಿವರ್ ಡಿಸೀಸ್'. ನಾಲಿಗೆ ಹೊರಳಲ್ಲ ನಿಜ. ಆದರೆ ಕಾರಣ ಹೆಸರಲ್ಲೇ ಇದೆ: 'ಮೆಟಬಾಲಿಕ್ ಡಿಸ್‌ಫಂಕ್ಷನ್' ಅಂದರೆ ಸಕ್ಕರೆ, ಕೊಬ್ಬು ನಿಭಾಯಿಸುವುದರಲ್ಲಿ ಮೈ ಎಡವಿದೆ ಅಂತ. 'ಸ್ಟಿಯಟಾಟಿಕ್' ಅಂದರೆ ಕೊಬ್ಬು ತುಂಬಿದ್ದು.

ಹಾಗಾಗಿ 'ನಾನು ಕುಡಿಯಲ್ಲ' ಅಂತ ಸುಮ್ನೆ ಕೂರಬೇಡ. ಲಿವರ್‌ನಲ್ಲಿ ಕೊಬ್ಬಿದ್ದು, ತೂಕ ಅಥವಾ ಸೊಂಟ, ಶುಗರ್, ಬಿಪಿ, ಟ್ರೈಗ್ಲಿಸರೈಡ್ (ರಕ್ತದಲ್ಲಿರೋ ಕೊಬ್ಬು), ಎಚ್‌ಡಿಎಲ್ (ಒಳ್ಳೆ ಕೊಲೆಸ್ಟ್ರಾಲ್) ಈ ಐದರಲ್ಲಿ ಒಂದು ಕೆಟ್ಟಿದ್ದರೂ ಸಾಕು, ಈ ಹೆಸರು ಬರುತ್ತದೆ. ಹೆಪಟೈಟಿಸ್ ಬಿ, ಸಿ, ಕೆಲವು ಮಾತ್ರೆಗಳು, ಇಂಥ ಬೇರೆ ಕಾರಣ ಇಲ್ಲ ಅಂತ ಡಾಕ್ಟರು ನೋಡಿಕೊಳ್ಳಬೇಕು, ಅಷ್ಟೇ. ನಿನ್ನ ಖಾಲಿ ಹೊಟ್ಟೆ ಶುಗರ್ 108, ಮಿತಿ 100. ಟ್ರೈಗ್ಲಿಸರೈಡ್ 210, ಇರಬೇಕಾದ್ದು 150ರ ಒಳಗೆ. ಸೊಂಟ ನೀನು ಅಳೆದೇ ಇಲ್ಲ. ನಮ್ಮ ಕಡೆಯ ಗಂಡಸರಿಗೆ 90 ಸೆಂಟಿಮೀಟರ್ ದಾಟಬಾರದು. ಯುಗಾದಿಗೆ ಬಂದಾಗ ನಿನ್ನ ಬೆಲ್ಟ್ ನೋಡಿದ್ದೆ. ಅಂಗಡಿಯವನು ಕೊಟ್ಟ ಐದು ತೂತು ಸಾಲದೆ, ತುದಿಯಲ್ಲಿ ಮೊಳೆ ಹೊಡೆದು ಆರನೆಯದು ಮಾಡಿಕೊಂಡಿದ್ದೀಯ. ಹಬ್ಬದ ದಿನ ಯಾಕೆ ಅಂತ ಬಾಯಿ ಬಿಡಲಿಲ್ಲ.

ಇನ್ನೊಂದು ಮಾತು. ಗ್ರೇಡ್ 1 ಅನ್ನೋದು ಕೊಬ್ಬಿನ ಅಂದಾಜು. ಲಿವರ್ ಗಟ್ಟಿಯಾಗುತ್ತಿದೆಯಾ, ಅಂದರೆ ಫೈಬ್ರೋಸಿಸ್ ಇದೆಯಾ ಅನ್ನೋದು ಅದರಿಂದ ತಿಳಿಯಲ್ಲ. ಭಯಪಡಬೇಕಾದ್ದು ಅದಕ್ಕೆ. ಫೈಬ್ರೋಸಿಸ್ ಅಪಾಯ ಅಂದಾಜು ಮಾಡೋಕೆ ಒಂದು ಲೆಕ್ಕವಿದೆ, ಫಿಬ್-4. ಕರೆಂಟ್ ಬಿಲ್ಲಿನ ಹಿಂದೆ ನಾನೇ ಹಾಕಿ ನೋಡಿದೆ. ನಿನ್ನ ವಯಸ್ಸು 41ನ್ನು ಎಸ್‌ಜಿಒಟಿ 38ರಿಂದ ಗುಣಿಸಿದೆ (ಎಸ್‌ಜಿಒಟಿ, ಎಸ್‌ಜಿಪಿಟಿ ಅಂದರೆ ರಕ್ತದಲ್ಲಿ ಅಳೆಯೋ ಲಿವರ್ ಕಿಣ್ವಗಳು). ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸೋ ಕಣಗಳು, 230 ಸಾವಿರ, ಲೆಕ್ಕಕ್ಕೆ ಬರೀ 230; ಎಸ್‌ಜಿಪಿಟಿ 64ರ ವರ್ಗಮೂಲ 8. ಇವೆರಡರ ಗುಣಲಬ್ಧದಿಂದ ಭಾಗಿಸಿದರೆ 0.85. ಅದು 1.3ರ ಒಳಗಿದ್ದರೆ ಸದ್ಯಕ್ಕೆ ಅಪಾಯ ಕಡಿಮೆ ಅಂತ ಅರ್ಥ. ಮೇಲಿದ್ದಿದ್ದರೆ ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯೋ ಫೈಬ್ರೋಸ್ಕ್ಯಾನ್ ಮಾಡಿಸು ಅನ್ನುತ್ತಿದ್ದೆ. ನನ್ನ ಲೆಕ್ಕ ನಂಬಿ ಕೂರಬೇಡ, ಡಾಕ್ಟರಿಗೆ ತೋರಿಸು. ಶುಗರ್ ಗಡಿಯಲ್ಲಿರೋದರಿಂದ ಒಂದೆರಡು ವರ್ಷಕ್ಕೊಮ್ಮೆ ಮತ್ತೆ ನೋಡಿಸಬೇಕು.

ಆನ್‌ಲೈನ್‌ನಲ್ಲಿ ಮಾರೋ 'ಲಿವರ್ ಕ್ಲೀನ್' ಪುಡಿಗೆ ದುಡ್ಡು ಸುರಿಯಬೇಡ. ನಿನ್ನ 84 ಕೆಜಿಯಲ್ಲಿ ಆರೇಳು ಕೆಜಿ ಇಳಿಸು, ಊರಿನ ಎಲ್ಲ ಪುಡಿಗಿಂತ ಅದು ಜಾಸ್ತಿ ಕೆಲಸ ಮಾಡುತ್ತದೆ. ರಾತ್ರಿ ಹನ್ನೊಂದಕ್ಕೆ ತರಿಸಿಕೊಳ್ಳೋ ಬಿರಿಯಾನಿ, ಅದರ ಜೊತೆಯ ಕೂಲ್‌ಡ್ರಿಂಕ್ಸಿನಿಂದ ಶುರು ಮಾಡು. ಸಕ್ಕರೆ ಹಾಕದ ಕಾಫಿ ಬಿಡಬೇಕಾಗಿಲ್ಲ, ಅಷ್ಟು ಪುಣ್ಯ ಮಾಡಿದ್ದೀಯ.

ಅಮ್ಮನಿಗೆ ನಾನೇ ಹೇಳುತ್ತೇನೆ, ಹೆಸರಿನ ಅರ್ಥ ಸಮೇತ. ಮುಂದಿನ ಸಲ ಬರುವಾಗ ಹೋದ ವರ್ಷದ ರಿಪೋರ್ಟೂ ತಾ. ಆಗ ಪ್ಲೇಟ್‌ಲೆಟ್ ಎಷ್ಟಿತ್ತು ನೋಡಬೇಕು.

ನಿನ್ನ ಮಾವ