ಸೇಜ್‌ಬ್ರಷ್ ಬಯಲು: ದನ ಹೊರಗಿಟ್ಟರಷ್ಟೇ ಸಾಲದು

ಮಾನ್ಯ ಸಂಪಾದಕರೇ,

ಅಮೆರಿಕದ ಪಶ್ಚಿಮ ರಾಜ್ಯಗಳ ಕಾಳ್ಗಿಚ್ಚಿನ ಕುರಿತು ತಮ್ಮ ಪತ್ರಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿದರೆ, ಅಲ್ಲಿನ ಒಣ ಬಯಲುಗಳಿಂದ ದನಗಳನ್ನು ಹೊರಗಿಟ್ಟ ಕೂಡಲೇ ಸೇಜ್‌ಬ್ರಷ್ ಪೊದೆಗಳೂ ಮೂಲದ ಹುಲ್ಲುಗಳೂ ತಾವಾಗಿ ಮರಳುತ್ತವೆ ಎಂಬ ಭಾವನೆ ಬರುತ್ತದೆ. ಐಡಾಹೊದಲ್ಲಿ ನೆಲೆಸಿರುವ ನನಗೆ ಇದು ಅರ್ಧ ಸತ್ಯವೆನಿಸಿತು.

ನಮ್ಮ ದವನದ ಕುಲಕ್ಕೇ ಸೇರಿದ, ಬೂದುಬಣ್ಣದ ಎಲೆಯ ಈ ಪೊದೆಗಳ ನಡುವೆ ಬರಿದಾಗಿ ಕಾಣುವ ನೆಲ ನಿಜಕ್ಕೂ ಬರಿದಲ್ಲ. ಬಗ್ಗಿ ನೋಡಿದರೆ ಕಲ್ಲುಹೂವು, ಹಾವಸೆ ಹಾಗೂ ನೀಲಿಹಸಿರು ಪಾಚಿಯ ಎಳೆಗಳು ಮಣ್ಣಿನ ಕಣಗಳನ್ನು ಹೆಣೆದು ಮಾಡಿದ, ಉಬ್ಬುತಗ್ಗಿನ ಕಪ್ಪು ಪದರವೊಂದು ಕಾಣುತ್ತದೆ. ಮಳೆ ಬಿದ್ದು ಕೆಲವೇ ನಿಮಿಷಗಳಲ್ಲಿ ಅದರ ಹಾವಸೆ ಹಸಿರಾಗುತ್ತದೆ. ಮಣ್ಣು ಗಾಳಿಗೆ ಹಾರದಂತೆ ಹಿಡಿದಿಡುವ, ಗಾಳಿಯ ಸಾರಜನಕವನ್ನು ನೆಲಕ್ಕೆ ಸೇರಿಸುವ, ಕಳೆಯ ಬೀಜ ಬೇರೂರದಂತೆ ತಡೆಯುವ ಈ ಪದರ ಒಣಗಿದ್ದಾಗ ಗೊರಸಿನ ತುಳಿತಕ್ಕೆ ಪುಡಿಯಾಗುತ್ತದೆ. ಮತ್ತೆ ಕೂಡಿಕೊಳ್ಳಲು ದಶಕಗಳೇ ಹಿಡಿಯುತ್ತವೆ.

ರಾಕಿ ಪರ್ವತಗಳ ಪಶ್ಚಿಮಕ್ಕಿರುವ ಈ ಸೀಮೆಯಲ್ಲಿ ಬೈಸನ್‌ಗಳ ದೊಡ್ಡ ಹಿಂಡುಗಳು ಇರಲಿಲ್ಲ. ಹೀಗಾಗಿ ತೆಂಡೆಯೊಡೆದು ಬೆಳೆಯುವ ಇಲ್ಲಿನ ಹುಲ್ಲುಗಳಿಗೆ ವಸಂತದಲ್ಲಿ ಎಡೆಬಿಡದೆ ಮೇಯಿಸುವುದನ್ನು ತಾಳಿಕೊಳ್ಳುವ ಶಕ್ತಿಯಿಲ್ಲ. 19ನೆಯ ಶತಮಾನದ ಕೊನೆಯಲ್ಲಿ ಲಂಗುಲಗಾಮಿಲ್ಲದೆ ಬಿಟ್ಟ ದನಕುರಿಗಳು ಹುಲ್ಲನ್ನೂ ಪದರವನ್ನೂ ಹಾಳುಗೆಡವಿದ ಜಾಗಕ್ಕೆ ಯುರೇಷ್ಯಾ ಮೂಲದ ಚೀಟ್‌ಗ್ರಾಸ್ ಹೊಕ್ಕಿತು. 1934ರಲ್ಲಿ ಟೇಲರ್ ಗ್ರೇಜಿಂಗ್ ಕಾಯ್ದೆ ಬಂದು ಮೇಯಿಸುವುದಕ್ಕೆ ಮಿತಿ ಬೀಳುವ ವೇಳೆಗೆ ಅದು ಎಲ್ಲೆಡೆ ಬೇರುಬಿಟ್ಟಾಗಿತ್ತು. ಶರತ್ಕಾಲದಲ್ಲೇ ಮೊಳೆತು ತೇವವನ್ನು ಮೊದಲು ಕಬಳಿಸುವ ಈ ಹುಲ್ಲು (ಇದರ ಚೂಪು ಬೀಜ ಎಂಥದೆಂದು ಕಾಲುಚೀಲದಿಂದ ಕಿತ್ತವರಿಗೇ ಗೊತ್ತು) ಬೇಸಿಗೆಯ ಆರಂಭಕ್ಕೇ ಒಣಗಿ, ಪೊದೆಯಿಂದ ಪೊದೆಗೆ ಬೆಂಕಿ ದಾಟಲು ಹಾದಿಯಾಗುತ್ತದೆ. ದೊಡ್ಡ ಸೇಜ್‌ಬ್ರಷ್ ಸುಟ್ಟರೆ ಬುಡದಿಂದ ಚಿಗುರುವುದಿಲ್ಲ. ಚೀಟ್‌ಗ್ರಾಸ್ ಮಾತ್ರ ಮರುವರ್ಷವೇ ಎದ್ದು ನಿಲ್ಲುತ್ತದೆ. ಈ ಸುಳಿಗೆ ಒಮ್ಮೆ ಸಿಕ್ಕಿದ ಬಯಲಿನಲ್ಲಿ ದನ ಇಲ್ಲದಿದ್ದರೂ ಬೆಂಕಿ ತಪ್ಪುವುದಿಲ್ಲ.

ಲೇಖನ ಮುಖ್ಯವಾಗಿ ಮರೆತಿರುವುದು ಮಣ್ಣಿನ ಭೇದವನ್ನು. ಎತ್ತರದ ತಂಪು, ತೇವದ ಮಣ್ಣಿನಲ್ಲಿ ಮೂಲದ ಹುಲ್ಲು ಬೆಂಕಿಯ ನಂತರವೂ ಚೇತರಿಸಿಕೊಳ್ಳಬಲ್ಲದು, ಅಲ್ಲಿ ಹಿತಮಿತವಾಗಿ ಮೇಯಿಸಿದರೆ ದೊಡ್ಡ ಹಾನಿಯಿಲ್ಲ. ತಗ್ಗಿನ ಬಿಸಿ, ಒಣ ಮಣ್ಣಿಗೆ ಆ ಚೈತನ್ಯವಿಲ್ಲ. ಚೀಟ್‌ಗ್ರಾಸ್ ಆವರಿಸಿರುವ ರಸ್ತೆಬದಿಗಳಲ್ಲಿ ವಸಂತದಲ್ಲಿ ದನ ಮೇಯಿಸಿ ಬೆಂಕಿತಡೆ ಪಟ್ಟಿಗಳನ್ನು ಮಾಡುವ ಪ್ರಯತ್ನಗಳು ಈಗ ನಡೆದಿವೆ. ಅಲ್ಲಿಗಷ್ಟೇ ಅದು ಒಪ್ಪತಕ್ಕದ್ದು. ಕಪ್ಪು ಪದರ ಇನ್ನೂ ಉಳಿದಿರುವ ನೆಲಕ್ಕೆ ಅದೇ ನೆಪದಲ್ಲಿ ಹಿಂಡು ಬಿಡುವುದನ್ನು ನಾನು ಒಪ್ಪಲಾರೆ.

ಇಂತಿ,
ಓದುಗ, ಬಾಯ್ಸಿ, ಐಡಾಹೊ